ಆ ಒಂದು ವಾರ ತಾಯಂದಿರಿಗೂ ರಜೆ ಇತ್ತು

ಆತ್ಮೀಯರೇ,

ಬ್ರಿಟನ್ನಿನ ಕಡಲತೀರದ ರಜಾ ಶಿಬಿರಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಚಿತ್ರ ನೋಡಿ ನೀವು ಕೇಳಿದ್ದೀರಿ: ‘ಒಂದೇ ಅಳತೆಯ ಸಾಲುಮನೆ, ಬೆಳಿಗ್ಗೆ ಎಬ್ಬಿಸಲು ಧ್ವನಿವರ್ಧಕ, ಹೇಳಿದ ಹೊತ್ತಿಗೆ ಊಟ. ಯುದ್ಧ ಮುಗಿಸಿ ಬಂದ ಜನ ದುಡ್ಡು ಕೊಟ್ಟು ಮತ್ತೆ ಸೈನ್ಯದ ಬಿಡಾರಕ್ಕೇ ಹೋದರೇ?’

ನಿಮ್ಮ ಅನುಮಾನದಲ್ಲಿ ಅರ್ಧ ನಿಜವಿದೆ. ಇಂಥ ಶಿಬಿರಗಳನ್ನು ಹೆಸರುವಾಸಿ ಮಾಡಿದ ಉದ್ಯಮಿ ಬಿಲ್ಲಿ ಬಟ್ಲಿನ್ ತಮ್ಮ ಮೊದಲ ಶಿಬಿರವನ್ನು 1936ರ ಈಸ್ಟರ್ ವೇಳೆಗೆ ಲಿಂಕನ್‌ಶೈರಿನ ಸ್ಕೆಗ್ನೆಸ್‌ನಲ್ಲಿ ತೆರೆದರು. ಎರಡನೇ ಮಹಾಯುದ್ಧ ಬಂದಾಗ ಅದು ‘ರಾಯಲ್ ಆರ್ಥರ್’ ಎಂಬ ಹೆಸರಿನ ನೌಕಾಪಡೆಯ ತರಬೇತಿ ನೆಲೆಯಾಯಿತು. ಸ್ಕಾಟ್ಲೆಂಡಿನ ಏರ್, ವೇಲ್ಸಿನ ಪುಲ್ಹೆಲಿ ಶಿಬಿರಗಳನ್ನಂತೂ ಅವರು ಕಟ್ಟಿಸಿದ್ದೇ ನೌಕಾಪಡೆಗಾಗಿ. 1947ರಲ್ಲಿ ಅವು ಪ್ರವಾಸಿಗರಿಗೆ ತೆರೆದುಕೊಂಡವು.

ಇನ್ನರ್ಧ ತಿಳಿಯಬೇಕಾದರೆ ಅದಕ್ಕೂ ಹಿಂದಿನ ರಜೆ ಹೇಗಿತ್ತು ಎಂದು ನೋಡಬೇಕು. ಕಾರ್ಮಿಕ ಕುಟುಂಬಗಳು ಕಡಲೂರಿನ ಯಾವುದಾದರೂ ಮನೆಯಲ್ಲಿ ಕೋಣೆ ಹಿಡಿಯುತ್ತಿದ್ದವು. ಬೆಳಗಿನ ತಿಂಡಿ ಮುಗಿದರೆ ಮನೆಯೊಡತಿ ಎಲ್ಲರನ್ನೂ ಹೊರಗೆ ಕಳಿಸುವುದು ಎಷ್ಟೋ ಕಡೆ ರೂಢಿ. ಮಳೆ ಹಿಡಿದರೆ ಮಕ್ಕಳನ್ನು ಕಟ್ಟಿಕೊಂಡು ಸಂಜೆವರೆಗೆ ಮಾಡಿನಡಿ ನಿಲ್ಲಬೇಕು. ಕೆಲವು ಮನೆಗಳಲ್ಲಿ ದಿನಸಿಯನ್ನು ಅತಿಥಿಗಳೇ ತಂದುಕೊಡಬೇಕಿತ್ತು, ಮೇಜಿನ ಮೇಲಿನ ಉಪ್ಪು–ಮೆಣಸಿಗೂ ಬೇರೆ ಕಾಸು ಬೀಳುತ್ತಿತ್ತು. ಇಂಥ ರಜೆಯಲ್ಲಿ ಹೆಂಗಸಿಗೆ ಸಿಗುತ್ತಿದ್ದ ವಿಶ್ರಾಂತಿ ಅಷ್ಟರಲ್ಲೇ ಇದೆ.

ಶಿಬಿರದಲ್ಲಿ ಕೋಣೆ, ಊಟ, ಬಹುಪಾಲು ಆಟ–ಮನರಂಜನೆ ಎಲ್ಲಕ್ಕೂ ಒಂದೇ ದರ. ಆರಂಭದಲ್ಲಿ ಅದು ತಿಂಗಳಿಗೆ ತಕ್ಕಂತೆ ವಾರಕ್ಕೆ 35 ಶಿಲಿಂಗ್‌ನಿಂದ 3 ಪೌಂಡ್‌ವರೆಗೆ ಇತ್ತು (ಆಗ 20 ಶಿಲಿಂಗ್‌ಗೆ ಒಂದು ಪೌಂಡ್). ಬ್ರಿಟನ್ನಿನಲ್ಲಿ ಯುದ್ಧಕಾಲದ ಪಡಿತರ ಪೂರ್ತಿ ಮುಗಿದದ್ದು 1954ರ ಜುಲೈನಲ್ಲಿ. ಅಲ್ಲಿಯವರೆಗೆ ಅಂಗಡಿ ಮುಂದೆ ಸಾಲು ನಿಂತು ದಣಿದಿದ್ದವಳ ಮುಂದೆ ಯಾರೋ ಬೇಯಿಸಿದ ಬಿಸಿ ತಟ್ಟೆ ತಂದಿಡುತ್ತಿದ್ದರು, ಪಾತ್ರೆಯನ್ನೂ ಅವರೇ ತೊಳೆಯುತ್ತಿದ್ದರು. ಇದನ್ನು ಸಣ್ಣ ಸಂಗತಿ ಎನ್ನಲು ನಮಗೆ ಮನಸ್ಸು ಬಾರದು.

ಧ್ವನಿವರ್ಧಕಕ್ಕೂ ಕಾರಣವಿತ್ತು. ಸಾವಿರಾರು ಜನರಿಗೆ ಎರಡು ಪಂಕ್ತಿಯಲ್ಲಿ ಊಟ. ಮೊದಲ ಪಂಕ್ತಿ ಏಳುವುದು ತಡವಾದರೆ ಎರಡನೆಯದಕ್ಕೆ ಮೇಜು ಒರೆಸಿ ತಟ್ಟೆ ಇಡಲು ಹೊತ್ತಿಲ್ಲ, ಅಡುಗೆಮನೆಯಲ್ಲಿ ಬಡಿಸಿಟ್ಟದ್ದು ಆರಿಹೋಗುತ್ತದೆ. ಹಾಗಾಗಿ ಎಬ್ಬಿಸುವುದೂ ಕರೆಯುವುದೂ ಸಮಯಕ್ಕೆ ಸರಿಯಾಗಿ ನಡೆಯಬೇಕಿತ್ತು.

ರಾತ್ರಿಯ ವ್ಯವಸ್ಥೆ ಇನ್ನೂ ಒಳ್ಳೆಯದು. ಮಕ್ಕಳನ್ನು ಮಲಗಿಸಿ ಗಂಡ–ಹೆಂಡತಿ ನೃತ್ಯಕ್ಕೋ ನಾಟಕಕ್ಕೋ ಹೋದರೆ ಕಾವಲಿನ ದಾದಿಯರು ಸೈಕಲ್ಲಿನಲ್ಲಿ ಸಾಲುಗಳ ನಡುವೆ ಸುತ್ತುತ್ತ ಕಿವಿಗೊಡುತ್ತಿದ್ದರು. ಮಗು ಅತ್ತರೆ ಆ ಕೋಣೆಯ ಸಂಖ್ಯೆ ಸಭಾಂಗಣದ ದೀಪದ ಫಲಕದಲ್ಲಿ ಮೂಡುತ್ತಿತ್ತು. ನೋಡಿದವರು ಎದ್ದು ಹೋಗುತ್ತಿದ್ದರು. ಹಗಲಿನಲ್ಲಿ ಮಕ್ಕಳನ್ನು ಆಡಿಸಲು ಕೆಂಪು ಕೋಟು ತೊಟ್ಟ ‘ರೆಡ್‌ಕೋಟ್’ ಸಿಬ್ಬಂದಿ ಇದ್ದರು.

ಕೊರತೆಗಳನ್ನು ಮುಚ್ಚಿಡುವುದಿಲ್ಲ. ಬೇಸಿಗೆಗೆಂದೇ ಕಟ್ಟಿದ ಶ್ಯಾಲೆಗಳ, ಅಂದರೆ ಆ ಪುಟ್ಟ ಸಾಲುಮನೆಗಳ, ಗೋಡೆ ತೆಳು, ಕೋಣೆ ಬೆಚ್ಚಗಿಡುವ ಏರ್ಪಾಡಿಲ್ಲ. ಎರಡು ದಿನ ಮಳೆ ಹೊಯ್ದರೆ ಹಾಸಿಗೆ ತಣ್ಣಗೆ ತೇವವಾಗುತ್ತಿತ್ತು. ಹಳೆಯ ಕೋಣೆಗಳಲ್ಲಿ ಮಂಚ, ಬಟ್ಟೆ ಬೀರು, ತಣ್ಣೀರಿನ ಬೇಸಿನ್ ಇಷ್ಟೇ. ಶೌಚಕ್ಕೂ ಸ್ನಾನಕ್ಕೂ ಸಾಮೂಹಿಕ ಕಟ್ಟಡಕ್ಕೆ ನಡೆಯಬೇಕು. ನಡುರಾತ್ರಿ ಚಿಕ್ಕ ಮಕ್ಕಳಿದ್ದವರಿಗೆ ಅದು ನಿಜಕ್ಕೂ ಕಷ್ಟ. ಶನಿವಾರವಂತೂ ಜಾತ್ರೆ: ಒಂದು ತಂಡ ಹೊರಟ ಬೆನ್ನಿಗೇ ಮುಂದಿನದು ಬರುವುದು, ನಡುವೆ ಸಾವಿರಾರು ಹೊದಿಕೆ ಬದಲಾಗಬೇಕು. ಈ ಜನಸಂದಣಿಗಾಗಿ ಯಾರ್ಕ್‌ಶೈರಿನ ಫೈಲಿ ಶಿಬಿರಕ್ಕೆ 1947ರಲ್ಲಿ ಪ್ರತ್ಯೇಕ ರೈಲು ನಿಲ್ದಾಣವನ್ನೇ ಕಟ್ಟಿದರು.

ಮುಂದೆ ಅಗ್ಗದ ವಿಮಾನಯಾನ ಸ್ಪೇನಿನ ಬಿಸಿಲನ್ನು ಹತ್ತಿರ ತಂದಿತು. ಶಿಬಿರಗಳೂ ಖರ್ಚು ಉಳಿಸಲು ಅತಿಥಿಗಳೇ ಬೇಯಿಸಿಕೊಳ್ಳುವ ಕೋಣೆಗಳನ್ನು ಹೆಚ್ಚಿಸಿದವು. ನಮ್ಮ ಅಭಿಪ್ರಾಯದಲ್ಲಿ ಆಗಲೇ ಮೂಲ ಆಕರ್ಷಣೆ ಅರ್ಧ ಹೋಯಿತು, ಒಲೆ ಮತ್ತೆ ತಾಯಿಯ ಪಾಲಿಗೆ ಬಂತು. ಫೈಲಿ, ಕ್ಲಾಕ್ಟನ್ ಶಿಬಿರಗಳೆರಡೂ 1983ರಲ್ಲಿ ಮುಚ್ಚಿದವು.

‘ಒಂದಾದರೂ ಉಳಿದಿದೆಯೇ?’ ಎಂದೂ ಕೇಳಿದ್ದೀರಿ. ಸ್ಕೆಗ್ನೆಸ್, ಮೈನ್‌ಹೆಡ್, ಬಾಗ್ನರ್ ರೀಜಿಸ್‌ಗಳಲ್ಲಿ ಬಟ್ಲಿನ್ ಹೆಸರಿನ ವಿಹಾರಧಾಮಗಳು ಈಗಲೂ ನಡೆಯುತ್ತಿವೆ. ಮೊದಲ ಕಾಲದ ಒಂದು ಶ್ಯಾಲೆಯನ್ನು ಸ್ಕೆಗ್ನೆಸ್‌ನಲ್ಲಿ ಸಂರಕ್ಷಿತ ಕಟ್ಟಡವಾಗಿ ಉಳಿಸಿದ್ದಾರೆ.

— ಸಂಪಾದಕರು