ಪಿಎಸ್4 ಹ್ಯಾಂಗ್ ಆದರೆ ಬೋರ್ಡ್ ಸ್ವಿಚ್ ಕೊನೆಗೆ ಮುಟ್ಟಿ

ಅಕ್ಕಾ, ನಿಮ್ಮ ಪೋಸ್ಟ್ ಈಗ ನೋಡಿದೆ. ಮಗ ಆಡುತ್ತಿರುವಾಗ ಪಿಎಸ್4 ಸ್ಲಿಮ್ (ಟೀವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 4 ಗೇಮ್ ಪೆಟ್ಟಿಗೆಯ ತೆಳು ಮಾದರಿ) ಹ್ಯಾಂಗ್ ಆಯಿತು, ಚಿತ್ರ ಹಾಗೇ ನಿಂತಿದೆ, ಟೀವಿಯಲ್ಲಿ ಒಂದೇ ಸದ್ದು ಟರ್ರ್ ಟರ್ರ್ ಅಂತ ಬರುತ್ತಲೇ ಇದೆ, ಕಂಟ್ರೋಲರ್‌ನಲ್ಲಿ ಯಾವ ಬಟನ್ ಒತ್ತಿದರೂ ಏನೂ ಆಗುತ್ತಿಲ್ಲ ಎಂದು ಬರೆದಿದ್ದೀರಿ. ಬೋರ್ಡ್‌ನಲ್ಲಿ ಸ್ವಿಚ್ ಆಫ್ ಮಾಡಬಹುದಾ ಎಂಬುದು ನಿಮ್ಮ ಪ್ರಶ್ನೆ. ಮೇಲೆ ಮೂರು ಜನ "ಆಫ್ ಮಾಡಿ ಆನ್ ಮಾಡಿ, ಸರಿಹೋಗುತ್ತೆ" ಅಂದಿದ್ದಾರೆ. ಬಹಳ ಸಲ ಸರಿಹೋಗುತ್ತದೆ, ನಿಜ. ಆದರೆ ಸರಿಹೋಗದ ಒಂದೇ ಒಂದು ಸಲ ನಿಮ್ಮ ಮಗ ತಿಂಗಳುಗಟ್ಟಲೆ ಆಡಿದ್ದೆಲ್ಲ ಹೋಗಬಹುದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಪೆಟ್ಟಿಗೆ ಇನ್ನೂ ಹಾಗೇ ಆನ್ ಇದ್ದರೆ ಮೊದಲು ಮೂಗು, ಕಣ್ಣಿಗೆ ಕೆಲಸ ಕೊಡಿ. ಸುಟ್ಟ ವಾಸನೆ, ಹೊಗೆ, ಪ್ಲಗ್ ಹತ್ತಿರ ಕಿಡಿ, ಮೇಲೆ ನೀರೋ ಕಾಫಿಯೋ ಚೆಲ್ಲಿರುವುದು, ಇದರಲ್ಲಿ ಯಾವುದಾದರೂ ಒಂದು ಇದ್ದರೂ ನಾನು ಕೆಳಗೆ ಬರೆದಿರುವುದನ್ನೆಲ್ಲ ಬಿಟ್ಟುಬಿಡಿ. ನೇರವಾಗಿ ಬೋರ್ಡ್ ಸ್ವಿಚ್ ಆಫ್ ಮಾಡಿ. ಆಗ ಗೇಮ್ ಹೋದರೆ ಹೋಗಲಿ. ಇಂಥದ್ದೇನೂ ಇಲ್ಲ, ಬರೀ ಹ್ಯಾಂಗ್ ಆಗಿದೆ ಅಂದರೆ ಅವಸರವೇ ಇಲ್ಲ. ಐದು ನಿಮಿಷ ಹಾಗೇ ಬಿಡಿ. ಮಗನಿಗೂ ಹೇಳಿ, ಬಟನ್‌ಗಳನ್ನು ಒತ್ತುತ್ತಾ ಕೂರಬೇಡ ಅಂತ. ಎಷ್ಟೋ ಸಲ ಗೇಮ್ ತಾನಾಗೇ ಮುಚ್ಚಿಕೊಂಡು ಸಿಇ-34878-0 ಎಂಬ ಎರರ್ ತೋರಿಸಿ ಮೆನುಗೆ ಬರುತ್ತದೆ. ಹಾಗೆ ಬಂದರೆ ಒಳ್ಳೆಯದೇ. ಬಿದ್ದದ್ದು ಗೇಮ್ ಮಾತ್ರ, ಮೆಷಿನ್ ಅಲ್ಲ.

ಈ ಐದು ನಿಮಿಷದಲ್ಲಿ ನಿಜವಾಗಿ ಹ್ಯಾಂಗ್ ಆಗಿರುವುದು ಯಾವುದು ಅಂತ ನೋಡಿ. ಕಂಟ್ರೋಲರ್ ಮುಂದಿನ ಬೆಳಕು ಆರಿದೆಯಾ? ಹಾಗಿದ್ದರೆ ಅದರ ಬ್ಯಾಟರಿ ಮುಗಿದಿರಬಹುದು, ಇಲ್ಲವೇ ಕನೆಕ್ಷನ್ ತಪ್ಪಿರಬಹುದು. ಯುಎಸ್‌ಬಿ ಕೇಬಲ್ ಹಾಕಿ ಮಧ್ಯದ ಪಿಎಸ್ ಬಟನ್ ಒತ್ತಿ. ಇಲ್ಲೊಂದು ಮುಖ್ಯ ವಿಷಯ. ಮನೆಯಲ್ಲಿ ಬಿದ್ದಿರುವ ಹಳೆ ಮೊಬೈಲ್ ಕೇಬಲ್‌ಗಳಲ್ಲಿ ಕೆಲವು ಚಾರ್ಜ್ ಮಾತ್ರ ಮಾಡುತ್ತವೆ, ಡೇಟಾ ಕಳಿಸುವುದಿಲ್ಲ. ಅಂಥದ್ದು ಹಾಕಿ "ಕೇಬಲ್ ಹಾಕಿದರೂ ಆಗ್ತಿಲ್ಲ" ಅಂತ ಗಾಬರಿಯಾಗಬೇಡಿ, ಇನ್ನೊಂದು ಕೇಬಲ್ ಹಾಕಿ ನೋಡಿ. ಅದಕ್ಕೂ ಏಳದಿದ್ದರೆ ಕಂಟ್ರೋಲರ್ ಹಿಂಬದಿಯಲ್ಲಿ, ಎಲ್2 ಬಟನ್ ಹತ್ತಿರ ಒಂದು ಪುಟ್ಟ ತೂತು ಇದೆ. ಸಿಮ್ ತೆಗೆಯುವ ಪಿನ್ ಅದರೊಳಗೆ ತೂರಿಸಿ ಐದು ಸೆಕೆಂಡ್ ಒತ್ತಿ, ಆಮೇಲೆ ಮತ್ತೆ ಕೇಬಲ್ ಹಾಕಿ ಪಿಎಸ್ ಬಟನ್ ಒತ್ತಿ.

ಪಿಎಸ್ ಬಟನ್ ಒತ್ತಿದಾಗ ಮೆನು ಬಂತು ಅಂದರೆ ಅರ್ಧ ಕೆಲಸ ಮುಗಿಯಿತು. ಗೇಮ್ ಚಿತ್ರದ ಮೇಲೆ ನಿಂತು ಆಪ್ಷನ್ಸ್ ಬಟನ್ ಒತ್ತಿ, ಕ್ಲೋಸ್ ಅಪ್ಲಿಕೇಶನ್ ಕೊಡಿ. ಆಮೇಲೆ ಮೆನುವಿನಿಂದಲೇ ಟರ್ನ್ ಆಫ್ ಮಾಡಿ. ಎಲ್ಲಕ್ಕಿಂತ ಒಳ್ಳೆಯ ದಾರಿ ಇದೇ.

ನೀವು ಹೇಳಿದ ಆ ಟರ್ರ್ ಟರ್ರ್ ಸದ್ದು ಕೇಳಿದರೆ ಮಾತ್ರ ಇಡೀ ಮೆಷಿನ್ನೇ ನಿಂತಿದೆ ಅಂತ ನನಗೆ ಅನಿಸುತ್ತದೆ. ಮುಂದಿನ ಸದ್ದು ಕಳಿಸುವ ಕೆಲಸ ನಿಂತುಹೋದಾಗ ಕೊನೆಯಲ್ಲಿ ಬಂದಿದ್ದ ಚೂರನ್ನೇ ಅದು ಮತ್ತೆ ಮತ್ತೆ ನುಡಿಸುತ್ತದೆ. ಹಾಗಾದರೆ ಪವರ್ ಬಟನ್ನೇ ಗತಿ.

ಅದನ್ನು ಹೀಗೆ ಮಾಡಿ. ಪಿಎಸ್4 ಮುಂಭಾಗದ ಪವರ್ ಬಟನ್ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಒತ್ತಿದ ಕೂಡಲೇ ಒಂದು ಬೀಪ್ ಕೇಳುತ್ತದೆ. ಬಹಳ ಜನ ಇಲ್ಲೇ ಕೈ ತೆಗೆಯುತ್ತಾರೆ, ಅದು ತಪ್ಪು. ಅಲ್ಲಿಗೇ ಬಿಟ್ಟರೆ ಮೆಷಿನ್ ರೆಸ್ಟ್ ಮೋಡ್‌ಗೆ ಹೋಗಲು ನೋಡುತ್ತದೆ, ಆಫ್ ಆಗುವುದಿಲ್ಲ. ಬೆರಳು ತೆಗೆಯದೆ ನಿಧಾನವಾಗಿ ಏಳರವರೆಗೆ ಎಣಿಸಿ. ಎರಡನೇ ಬೀಪ್ ಬರುತ್ತದೆ. ಆಗ ಬಿಡಿ. ಬೆಳಕು ಸ್ವಲ್ಪ ಹೊತ್ತು ಮಿನುಗಿ ಆರುತ್ತದೆ, ಅದರ ಹಿಂದೆಯೇ ಫ್ಯಾನ್ ಸದ್ದೂ ಇಳಿದು ನಿಲ್ಲುತ್ತದೆ. ಕಿವಿ ಹತ್ತಿರ ಇಟ್ಟು ಕೇಳಿ, ಒಳಗಿನ ಸಣ್ಣ ಗುಂಯ್ ಅನ್ನುವುದೂ ನಿಲ್ಲಬೇಕು. ಅದು ಹಾರ್ಡ್ ಡಿಸ್ಕ್ ತಿರುಗುವ ಸದ್ದು. ಎಲ್ಲ ನಿಂತ ಮೇಲೆ ಬೋರ್ಡ್ ಸ್ವಿಚ್ ಆಫ್ ಮಾಡಿ, ವೈರ್ ತೆಗೆದು ಒಂದೆರಡು ನಿಮಿಷ ಬಿಡಿ. ಎರಡನೇ ಬೀಪ್ ಬರಲೇ ಇಲ್ಲ ಅಂದರೆ ಇನ್ನೂ ಸ್ವಲ್ಪ ಹೊತ್ತು, 15 ಸೆಕೆಂಡ್‌ವರೆಗೂ ಒತ್ತಿಯೇ ಹಿಡಿಯಿರಿ. ಅದಕ್ಕೂ ಬಗ್ಗದಿದ್ದರೆ ಆಗ ಬೋರ್ಡ್ ಸ್ವಿಚ್. ಬೇರೆ ದಾರಿ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಬೆಳಕು ಕೇಸರಿ ಬಣ್ಣದ್ದಾಗಿದ್ದರೆ ಆಫ್ ಆಗಿದೆ ಅಂದುಕೊಳ್ಳಬೇಡಿ. ಅದು ರೆಸ್ಟ್ ಮೋಡ್. ಮೆಷಿನ್ ಮಲಗಿದೆ ಅಷ್ಟೇ, ಒಳಗೆ ಡೌನ್‌ಲೋಡ್ ನಡೆಯುತ್ತಿರಬಹುದು. ರಾತ್ರಿ ಮಲಗುವ ಮುಂಚೆ ಮನೆಯ ಸ್ವಿಚ್‌ಗಳನ್ನೆಲ್ಲ ಆಫ್ ಮಾಡಿ ಮಲಗುವುದು ನಮ್ಮಲ್ಲಿ ಅಭ್ಯಾಸ ಅಲ್ವಾ. ಅಪ್ಪನೋ ಅಜ್ಜಿಯೋ ಕೇಸರಿ ಬೆಳಕು ಇರುವಾಗಲೇ ಸ್ವಿಚ್ ತೆಗೆದುಬಿಡುತ್ತಾರೆ. ನಿಮ್ಮ ಮನೆಯಲ್ಲೂ ಹಾಗಿದ್ದರೆ ರೆಸ್ಟ್ ಮೋಡ್ ಬಳಸುವುದೇ ಬೇಡ, ಪ್ರತಿ ಸಲ ಪೂರ್ತಿ ಆಫ್ ಮಾಡಲು ಮಗನಿಗೆ ಕಲಿಸಿ.

ಸುಮ್ನೆ ಸ್ವಿಚ್ ತೆಗೆದರೆ ಏನಾಗುತ್ತದೆ ಎಂದು ಒಬ್ಬರು ಕೇಳಿದ್ದರು. ಡಿಸ್ಕ್ ಸುಟ್ಟೇನೂ ಹೋಗುವುದಿಲ್ಲ. ಈಗಿನ ಹಾರ್ಡ್ ಡಿಸ್ಕ್‌ಗಳು ಕರೆಂಟ್ ಹೋದ ಕೂಡಲೇ ಓದುವ ಮುಳ್ಳನ್ನು ತಾವೇ ಪಕ್ಕಕ್ಕೆ ಎಳೆದುಕೊಳ್ಳುತ್ತವೆ. ಪೆಟ್ಟು ಬೀಳುವುದು ಬರಹಕ್ಕೆ. ಒಂದು ದೊಡ್ಡ ಗೋಡೌನ್ ಇದೆ, ಯಾವ ಮೂಟೆ ಯಾವ ಮೂಲೆಯಲ್ಲಿದೆ ಎಂದು ಗುಮಾಸ್ತ ಪುಸ್ತಕದಲ್ಲಿ ಬರೆಯುತ್ತಿದ್ದಾನೆ ಅಂದುಕೊಳ್ಳಿ. ಸಾಲಿನ ಮಧ್ಯದಲ್ಲೇ ಪುಸ್ತಕ ಕಿತ್ತುಕೊಂಡರೆ ಮೂಟೆ ಎಲ್ಲಿಗೂ ಹೋಗುವುದಿಲ್ಲ, ಆದರೆ ಎಲ್ಲಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಆ ಕ್ಷಣ ಬರೆಯುತ್ತಿದ್ದದ್ದು ಸೇವ್ ಫೈಲ್, ಅಂದರೆ ಆಟ ಎಲ್ಲಿಯವರೆಗೆ ಬಂದಿದೆ ಎಂದು ಉಳಿಸಿಡುವ ಫೈಲ್ ಆಗಿದ್ದರೆ ಮೂಟೆಯೇ ಅರ್ಧ ಹರಿದ ಹಾಗೆ. ಗೇಮ್ ಸೇವ್ ಮಾಡುವಾಗ ಮೂಲೆಯಲ್ಲಿ ಸಣ್ಣ ಗುರುತು ತಿರುಗುತ್ತದಲ್ಲ, ಅದು ಇರುವಾಗ ಆಫ್ ಮಾಡಬೇಡಿ ಎಂದು ಗೇಮ್‌ಗಳೇ ಶುರುವಿನಲ್ಲಿ ಎಚ್ಚರಿಸುವುದು ಇದಕ್ಕೇ. ಸಿಸ್ಟಮ್ ಅಪ್‌ಡೇಟ್ ಆಗುತ್ತಿದ್ದರಂತೂ ಅಡ್ಡಗೆರೆ ಮುಂದೆ ಹೋಗದೆ ನಿಂತಂತೆ ಕಂಡರೂ ತಾಳ್ಮೆಯಿಂದ ಬಿಡಿ. ಗಂಟೆ ಆದರೂ ಸರಿ.

ನಮ್ಮ ಮನೆಯಲ್ಲೇ ಇದು ನಡೆದಿದೆ. ತಮ್ಮ ಫುಟ್‌ಬಾಲ್ ಗೇಮ್‌ನಲ್ಲಿ ಒಂದು ಸಣ್ಣ ತಂಡ ಕಟ್ಟಿ ಮೂರು ಸೀಸನ್ ಆಡಿದ್ದ. ಒಂದು ಭಾನುವಾರ ಮ್ಯಾಚ್ ಮುಗಿದು ಸೇವ್ ಆಗುವಾಗ ಪರದೆ ನಿಂತಿತು. ಊಟಕ್ಕೆ ಕರೆಯುತ್ತಿದ್ದರು, ನಾನು ಬೋರ್ಡ್ ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ. ಮೆಷಿನ್ ಚೆನ್ನಾಗಿಯೇ ಎದ್ದಿತು. ಗೇಮ್ ತೆರೆದಾಗ ಸೇವ್ ಡೇಟಾ ಕೆಟ್ಟಿದೆ ಎಂದು ಬಂತು. ಅವನು ಏನೂ ಹೇಳಲಿಲ್ಲ, ಕಂಟ್ರೋಲರ್ ಮೆಲ್ಲಗೆ ಕೆಳಗಿಟ್ಟು ಎದ್ದು ಹೋದ. ಆ ಮುಖ ನನಗೆ ಈಗಲೂ ನೆನಪಿದೆ. ನಿಮ್ಮ ಪೋಸ್ಟ್ ನೋಡಿದಾಗ ನೆನಪಾದದ್ದು ಅದೇ.

ಈಗ ಮತ್ತೆ ಆನ್ ಮಾಡುವ ವಿಷಯ. ಸರಿಯಾಗಿ ಆಫ್ ಆಗಿಲ್ಲ, ಸ್ಟೋರೇಜ್ ಪರೀಕ್ಷಿಸುತ್ತಿದ್ದೇನೆ ಎಂಬ ಅರ್ಥದ ಮಾತು ಪರದೆ ಮೇಲೆ ಬರಬಹುದು. ಅದನ್ನು ಪೂರ್ತಿ ಮುಗಿಯಲು ಬಿಡಿ. ಆನ್ ಮಾಡುವಾಗ ಬಟನ್ ಒಂದೇ ಸಲ ಒತ್ತಿ ಬಿಡಿ, ಹಿಡಿಯಬೇಡಿ. ಆಫ್ ಇರುವಾಗ ಏಳು ಸೆಕೆಂಡ್ ಹಿಡಿದರೆ ಸೇಫ್ ಮೋಡ್, ಅಂದರೆ ತೊಂದರೆ ಸರಿಪಡಿಸಲು ಇರುವ ಮೆನು ತೆರೆದುಕೊಳ್ಳುತ್ತದೆ. ಕಪ್ಪು ಪರದೆ ಮೇಲೆ ಏಳು ಸಾಲಿನ ಪಟ್ಟಿ ಬರುತ್ತದೆ. ಅಲ್ಲಿ ಕಂಟ್ರೋಲರ್ ಕೇಬಲ್‌ನಲ್ಲೇ ಕೆಲಸ ಮಾಡುವುದು. ಗೊತ್ತಿಲ್ಲದೆ ಅಲ್ಲಿಗೆ ಹೋಗಿಬಿಟ್ಟರೆ ಮೊದಲ ಸಾಲು ಆರಿಸಿ, ಮೆಷಿನ್ ಮಾಮೂಲಿಯಾಗಿ ಎದ್ದು ಬರುತ್ತದೆ.

ಹ್ಯಾಂಗ್ ಆಗುವುದು ಪದೇ ಪದೇ ಆಗುತ್ತಿದ್ದರೆ ಮಾತ್ರ ಬೇಕೆಂದೇ ಅಲ್ಲಿಗೆ ಹೋಗಿ ಐದನೇ ಸಾಲು, ರಿಬಿಲ್ಡ್ ಡೇಟಾಬೇಸ್ ಆರಿಸಿ. ಆಗಲೇ ಹೇಳಿದ ಗುಮಾಸ್ತನ ಪುಸ್ತಕವನ್ನು ಹೊಸದಾಗಿ ಬರೆಸುವುದು ಅಂದರೆ ಇದೇ. ಗೋಡೌನ್ ಪೂರ್ತಿ ನೋಡಿ ಬರೆಯಬೇಕಾದ್ದರಿಂದ ಕೆಲವು ನಿಮಿಷವೂ ಆಗಬಹುದು, ಕೆಲವು ಗಂಟೆಯೂ ಆಗಬಹುದು. ಕರೆಂಟ್ ಹೋಗದ ಹೊತ್ತು ನೋಡಿ ಮಾಡಿ. ಆರು ಮತ್ತು ಏಳನೇ ಸಾಲು ಮುಟ್ಟಲೇಬೇಡಿ. ಅವೆರಡೂ ಎಲ್ಲವನ್ನೂ ಅಳಿಸಿ ಹೊಸದು ಮಾಡುತ್ತವೆ. ನನಗೆ ಪರಿಚಯದ ಒಬ್ಬರು ಮೆಷಿನ್ ರಿಪೇರಿಗೆ ಕೊಟ್ಟಾಗ ಅಂಗಡಿಯವರು ಒಂದು ಮಾತೂ ಕೇಳದೆ ಏಳನೆಯದನ್ನೇ ಮಾಡಿ, ದುಡ್ಡು ತಗೊಂಡು ವಾಪಸ್ ಕೊಟ್ಟರು. ಮೆಷಿನ್ ಓಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ರಿಪೇರಿಗೆ ಕೊಡುವ ಮುಂಚೆ "ನನ್ನನ್ನು ಕೇಳದೆ ಏನನ್ನೂ ಅಳಿಸಬೇಡಿ" ಎಂದು ಬಾಯಿಬಿಟ್ಟು ಹೇಳಿ.

ಅದಕ್ಕೂ ಮೊದಲು, ಮೆಷಿನ್ ಎದ್ದ ದಿನವೇ, ಸೇವ್‌ಗಳನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಡಿ. ಸೆಟ್ಟಿಂಗ್ಸ್‌ನಲ್ಲಿ ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್ ಅಂತ ಇದೆ, ಅದರೊಳಗೆ ಯುಎಸ್‌ಬಿಗೆ ಕಾಪಿ ಮಾಡುವ ದಾರಿ ಇದೆ. ಪೆನ್‌ಡ್ರೈವ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಎಂಬ ವಿಧದಲ್ಲಿ ಫಾರ್ಮ್ಯಾಟ್ ಆಗಿರಬೇಕು. ಪಿಎಸ್ ಪ್ಲಸ್ (ಸೋನಿಗೆ ದುಡ್ಡು ಕಟ್ಟಿ ಪಡೆಯುವ ಚಂದಾ) ಇದ್ದರೆ ಆನ್‌ಲೈನ್‌ನಲ್ಲೂ ಇಡಬಹುದು.

ಇನ್ನು ಹ್ಯಾಂಗ್ ಯಾಕೆ ಆಯಿತು ಅಂತ ಹುಡುಕಬೇಕು. ನಾನು ಮೊದಲು ಬಿಸಿಯನ್ನೇ ಅನುಮಾನಿಸುವುದು. ನಮ್ಮ ಮನೆಗಳಲ್ಲಿ ಟೀವಿ ಶೋಕೇಸ್‌ನ ಗಾಜಿನ ಬಾಗಿಲೊಳಗೆ ಇಟ್ಟು, ಧೂಳು ಕೂರಬಾರದು ಅಂತ ಮೇಲೊಂದು ಕಸೂತಿ ಬಟ್ಟೆ ಹೊದಿಸುತ್ತೇವೆ. ಪ್ರೀತಿಯಿಂದಲೇ ಮಾಡುವುದು, ಆದರೆ ಮೆಷಿನ್‌ಗೆ ಉಸಿರು ಕಟ್ಟುತ್ತದೆ. ಆಡುವಾಗ ಬಟ್ಟೆ ತೆಗೆಯಿರಿ, ಬಾಗಿಲು ತೆರೆದಿಡಿ, ಹಿಂದೆ ಒಂದು ಗೇಣು ಜಾಗ ಬಿಡಿ. ಫ್ಯಾನ್ ಮಿಕ್ಸಿ ಹಾಗೆ ಕೂಗುತ್ತಿದ್ದರೆ ಒಳಗೆ ಧೂಳು ತುಂಬಿದೆ ಅಂತ. ವೈರ್ ತೆಗೆದು, ಒಣ ಬ್ರಷ್‌ನಿಂದ ಗಾಳಿಯ ಸಂದುಗಳನ್ನು ಉಜ್ಜಿ.

ಎರಡನೆಯದು ವೈರ್. ಸ್ಲಿಮ್‌ಗೆ ಬರುವುದು ಎಂಟರ ಆಕಾರದ ಎರಡು ಪಿನ್ನಿನ ವೈರ್. ಮೆಷಿನ್ ಹಿಂದೆಯೂ, ಬೋರ್ಡ್‌ನಲ್ಲೂ ಅದು ಬೇಗ ಸಡಿಲವಾಗುತ್ತದೆ. ಹಳೆ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಅಲ್ಲಾಡುತ್ತಿದ್ದರೆ ಬದಲಾಯಿಸಿ. ಗೇಮ್ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಅದರ ಕೇಬಲ್ಲನ್ನೂ ನೋಡಿ. ಆದರೆ ಹ್ಯಾಂಗ್ ಬಿಡಿಸಲು ಅಂತ ಆ ಕೇಬಲ್ ಎಳೆಯಬೇಡಿ.

ಒಳಗಿನ ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ, ಎಲ್ಲ ಗೇಮ್‌ಗಳೂ ತೆರೆಯಲು ಮೊದಲಿಗಿಂತ ಜಾಸ್ತಿ ಹೊತ್ತು ತಗೊಳ್ಳುತ್ತಿದ್ದರೆ ಅದರ ಕಾಲ ಮುಗಿಯುತ್ತಾ ಬಂದಿದೆ. ಅದು ಲ್ಯಾಪ್‌ಟಾಪ್‌ಗೆ ಹಾಕುವ 2.5 ಇಂಚಿನ ಸಾಟಾ ಡಿಸ್ಕೇ, ಬದಲಾಯಿಸುವುದು ಕಷ್ಟವಲ್ಲ. ಅದೇ ಅಳತೆಯ ಎಸ್‌ಎಸ್‌ಡಿಯನ್ನೂ (ಒಳಗೆ ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಬಹುದು.

ಕರೆಂಟ್ ಆಗಾಗ ಹೋಗುವ ಊರಾದರೆ ಮನೆಯ ಇನ್ವರ್ಟರ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ. ಮಾಮೂಲಿ ಮೋಡ್‌ನಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಕಣ್ಣುಮಿಟುಕಿನಲ್ಲೇ ಮೆಷಿನ್ ಆರಿಹೋಗಬಹುದು. ಇನ್ವರ್ಟರ್ ಇಲ್ಲದಿದ್ದರೆ ಕಂಪ್ಯೂಟರ್‌ಗೆ ಇಡುವ 600 ವಿಎ ಯುಪಿಎಸ್ ಸಾಕು. ಸ್ಲಿಮ್ ಎಳೆಯುವುದು ಹೆಚ್ಚೆಂದರೆ 165 ವ್ಯಾಟ್. ಆಟ ಮುಂದುವರಿಸಲು ಅಲ್ಲ, ಮೆನುಗೆ ಹೋಗಿ ಸರಿಯಾಗಿ ಆಫ್ ಮಾಡಲು ಅದು ಕೊಡುವ ಕೆಲವು ನಿಮಿಷ ಸಾಕು.

ಬೇರೆ ಮೆಷಿನ್ ಇರುವವರೂ ಕೇಳಿದ್ದೀರಿ. ಪಿಎಸ್5 ಕೂಡ ಹೀಗೇ, ಎರಡನೇ ಬೀಪ್‌ವರೆಗೆ ಒತ್ತಿ ಹಿಡಿಯಿರಿ. ಎಕ್ಸ್‌ಬಾಕ್ಸ್ ಆದರೆ ಪೆಟ್ಟಿಗೆ ಮುಂದಿನ ಬಟನ್ 10 ಸೆಕೆಂಡ್. ನಿಂಟೆಂಡೊ ಸ್ವಿಚ್ ಆದರೆ ಮೇಲಂಚಿನ ಪವರ್ ಬಟನ್ 12 ಸೆಕೆಂಡ್, ಮೂರು ಸೆಕೆಂಡಿಗೆ ಬಿಟ್ಟರೆ ಬರುವುದು ಮೆನು ಮಾತ್ರ.

ಅಕ್ಕಾ, ಎರಡನೇ ಬೀಪ್ ಬಂತಾ ಇಲ್ಲವಾ ಅಂತ ಇಲ್ಲೇ ಕೆಳಗೆ ಬರೆಯಿರಿ. ಮತ್ತೆ ಆನ್ ಮಾಡಿದಾಗ ಪರದೆ ಮೇಲೆ ಏನಾದರೂ ಎರರ್ ಬಂದರೆ ಒತ್ತಿ ಮುಂದೆ ಹೋಗುವ ಮೊದಲು ಅದರದ್ದೊಂದು ಫೋಟೋ ತೆಗೆದು ಹಾಕಿ. ರಾತ್ರಿ ಹನ್ನೊಂದರವರೆಗೂ ನಾನು ನೋಡುತ್ತಿರುತ್ತೇನೆ.