ನಾಲ್ಕು ತಿಂಗಳ ಬಾಲ್ ಪೈಥಾನ್ (ಮನೆಯಲ್ಲಿ ಸಾಕುವ ಸಣ್ಣ ಹೆಬ್ಬಾವು) ಮರಿಗೆ ಎಷ್ಟು ದೊಡ್ಡ ಇಲಿ ಹಾಕಬೇಕು?

ನಿಮ್ಮ ಮರಿ 120 ಗ್ರಾಂ ಇದೆ ಅಂದಿದ್ದೀರಿ. ಹುಬ್ಬಳ್ಳಿಯ ಅಂಗಡಿಯವರು "ಹಾವು ಬಾಯಿ ಎಷ್ಟು ಬೇಕಾದ್ರೂ ತೆರಿತೈತಿ, ದೊಡ್ಡ ಇಲಿ ಹಾಕ್ರಿ, ಲಗೂನ ಬೆಳಿತೈತಿ" ಅಂದರಂತೆ. ದಯವಿಟ್ಟು ಹಾಗೆ ಮಾಡಬೇಡಿ. 12ರಿಂದ 18 ಗ್ರಾಂ ತೂಕದ ಇಲಿ, ವಾರಕ್ಕೆ ಒಂದು. ಸದ್ಯಕ್ಕೆ ಅಷ್ಟು ಸಾಕು.

ನಾನು ಧಾರವಾಡದವನು. ಆರು ವರ್ಷದಿಂದ ಒಂದು ಬಾಲ್ ಪೈಥಾನ್ ಸಾಕಿದ್ದೇನೆ. ಮೊದಲ ವರ್ಷ ನನಗೂ ಇದೇ ಮಾತು ಹೇಳಿದ್ದರು, ನಾನು ನಂಬಿದ್ದೆ. ಆಗ ಮರಿ 150 ಗ್ರಾಂ ಇತ್ತು, ನಾನು ಹಾಕಿದ್ದು 45 ಗ್ರಾಂನ ಇಲಿ. ಅರ್ಧ ಗಂಟೆ ಒದ್ದಾಡಿ ನುಂಗಿತು. ಅದು ಡಿಸೆಂಬರ್ ತಿಂಗಳು, ರಾತ್ರಿ ಕರೆಂಟ್ ಹೋಗಿ, ಪೆಟ್ಟಿಗೆ ಬೆಚ್ಚಗಿಡುವ ಹೀಟ್ ಪ್ಯಾಡ್ ತಣ್ಣಗಾಗಿತ್ತು. ಮೂರನೇ ದಿನ ಬೆಳಿಗ್ಗೆ ಕೋಣೆ ತುಂಬ ಕೊಳೆತ ವಾಸನೆ. ನೋಡಿದರೆ ಇಲಿಯನ್ನು ಅರ್ಧ ಕರಗಿದ ಹಾಗೇ ಹೊರಗೆ ಹಾಕಿತ್ತು. ಆಮೇಲೆ ಒಂದು ತಿಂಗಳು ಅದು ಏನನ್ನೂ ಮುಟ್ಟಲಿಲ್ಲ. ಆ ತಿಂಗಳು ನಾನು ಪಟ್ಟ ಸಂಕಟ ನಿಮಗೆ ಬೇಡ.

ಬಾಯಿ ದೊಡ್ಡದಾಗಿ ತೆರೆಯುತ್ತದೆ ಅನ್ನುವುದು ನಿಜ. ಹಾವಿನ ಕೆಳದವಡೆಯ ಎರಡು ಭಾಗ ಮುಂದುಗಡೆ ಕೂಡಿಕೊಂಡಿರುವುದಿಲ್ಲ, ಹಿಗ್ಗುವ ನಾರಿನಿಂದ ಹೊಂದಿಕೊಂಡಿರುತ್ತವೆ. ಆದರೆ ನುಂಗುವುದು ಬೇರೆ, ಅರಗಿಸುವುದು ಬೇರೆ. ಹಾವು ಅಗಿಯುವುದಿಲ್ಲ. ಹೊಟ್ಟೆಯ ರಸ ಇಲಿಯನ್ನು ಹೊರಗಿನಿಂದ ಸ್ವಲ್ಪ ಸ್ವಲ್ಪವೇ ಕರಗಿಸುತ್ತಾ ಹೋಗಬೇಕು, ಅದಕ್ಕೆ ಮೈ ಬೆಚ್ಚಗಿರಬೇಕು. ಇಲಿ ತುಂಬಾ ದಪ್ಪ ಇದ್ದರೆ, ಇಲ್ಲವೇ ಮೈ ತಣ್ಣಗಾದರೆ, ಕರಗುವ ಮೊದಲೇ ಇಲಿ ಒಳಗೆ ಕೊಳೆಯಲು ಶುರುವಾಗುತ್ತದೆ. ಆಗ ಹಾವು ಅದನ್ನು ಹೊರಗೆ ಹಾಕುತ್ತದೆ, ಜೊತೆಗೆ ಬರುವ ಆಮ್ಲ ಗಂಟಲು ಸುಡುತ್ತದೆ.

ಹಾಗಾಗಿ ಕಣ್ಣಳತೆ ಬಿಟ್ಟು ಒಂದು ಅಡುಗೆಮನೆ ಡಿಜಿಟಲ್ ತಕ್ಕಡಿ ತೆಗೆದುಕೊಳ್ಳಿ. ಮರಿಯನ್ನು ಡಬ್ಬಿಯಲ್ಲಿಟ್ಟು ತೂಗಿ, ಡಬ್ಬಿಯ ತೂಕ ಕಳೆಯಿರಿ. ಮರಿಗಳಿಗೆ ಅವುಗಳ ತೂಕದ ನೂರಕ್ಕೆ 10ರಿಂದ 15 ಭಾಗ. ಇನ್ನೊಂದು ಉಪಾಯ ನೂಲಿನದು. ಹಾವಿನ ನಡುಮೈ ಎಲ್ಲಿ ಜಾಸ್ತಿ ದಪ್ಪ ಇದೆಯೋ ಅಲ್ಲಿ ನೂಲು ಸುತ್ತಿ ಗುರುತು ಮಾಡಿ, ಅದೇ ನೂಲನ್ನು ಇಲಿಯ ಹೊಟ್ಟೆಗೆ ಸುತ್ತಿ. ಎರಡೂ ಸರಿಸಮ ಬಂದರೆ ಒಳ್ಳೆಯದು. ಅನುಮಾನ ಬಂದರೆ ಚಿಕ್ಕದನ್ನೇ ಆರಿಸಿ. ನುಂಗಿದ ಮೇಲೆ ಸಣ್ಣ ಉಬ್ಬು ಕಾಣಬೇಕು, ಒಂದೆರಡು ದಿನದಲ್ಲಿ ಇಳಿಯಬೇಕು. ಪೊರೆಚಿಪ್ಪುಗಳ ನಡುವೆ ಚರ್ಮ ಹಿಗ್ಗಿ ಕಂಡರೆ ದೊಡ್ಡದಾಯಿತು ಅಂತ ಅರ್ಥ.

ಅಂಗಡಿಯಲ್ಲಿ ಪಿಂಕಿ, ಫಜ್ಜಿ, ಹಾಪರ್ ಅನ್ನುತ್ತಾರಲ್ಲ, ಅವು ಇಲಿಮರಿಯ ವಯಸ್ಸಿನ ಹೆಸರು. ಕೂದಲಿಲ್ಲದ್ದು ಪಿಂಕಿ, ತೆಳ್ಳಗೆ ಕೂದಲು ಬಂದಿದ್ದು ಫಜ್ಜಿ, ಕಣ್ಣು ಬಿಟ್ಟು ಕುಪ್ಪಳಿಸುವುದು ಹಾಪರ್. ಮೌಸ್ (ಚಿಕ್ಕ ಜಾತಿಯ ಇಲಿ) ಪಿಂಕಿ ಒಂದೆರಡು ಗ್ರಾಂ ಇದ್ದರೆ ರ‍್ಯಾಟ್ (ದೊಡ್ಡ ಜಾತಿಯದು) ಪಿಂಕಿ ಅದರ ಎರಡು ಪಟ್ಟಿಗಿಂತ ಜಾಸ್ತಿ ತೂಗುತ್ತದೆ. ಅದಕ್ಕೇ ಹೆಸರು ಕೇಳಿ ತರಬೇಡಿ, ಗ್ರಾಂ ಕೇಳಿ ತನ್ನಿ.

ಬೆಳೆದಂತೆ ಲೆಕ್ಕ ಇಳಿಯುತ್ತದೆ. ಇಲ್ಲೇ ಬಹಳ ಜನ ತಪ್ಪುತ್ತಾರೆ. 500 ಗ್ರಾಂ ದಾಟಿದ ಮೇಲೆ ನೂರಕ್ಕೆ ಏಳರಷ್ಟು, ಎರಡು ವಾರಕ್ಕೊಮ್ಮೆ. ನನ್ನದು ಈಗ 1,500 ಗ್ರಾಂ ಇದೆ, ನೂರಕ್ಕೆ ಐದರಂತೆ 75 ಗ್ರಾಂ ಇಲಿ ತಿಂಗಳಿಗೆ ಒಂದು. ಜಾಸ್ತಿ ಹಾಕಿದರೆ ಕೊಬ್ಬು ಕಟ್ಟುತ್ತದೆ.

ಮಾರ್ಕೆಟ್ ಗೋದಾಮಿನಲ್ಲಿ ಹಿಡಿದ ಇಲಿ ಮಾತ್ರ ಬೇಡವೇ ಬೇಡ. ಅದು ಇಲಿಪಾಷಾಣ ತಿಂದಿದ್ದರೆ ವಿಷ ಹಾವಿಗೂ ಹೋಗುತ್ತದೆ. ಹಾಲೂ ಬೇಡ. ಪಂಚಮಿಗೆ ಹಾಲೆರೆದು ಬೆಳೆದವರು ನಾವು, ನಮ್ಮಜ್ಜಿ ಈಗಲೂ ಬಟ್ಟಲು ಹಿಡಿದು ಬರುತ್ತಾರೆ. ಅವರ ಪ್ರೀತಿ ದೊಡ್ಡದು, ಆದರೆ ಹಾವಿಗೆ ಹಾಲು ಅರಗುವುದಿಲ್ಲ. ನೀರು ಇಟ್ಟರೆ ಸಾಕು. ಜೀವಂತ ಇಲಿ ಕಚ್ಚಿ ಗಾಯ ಮಾಡಬಲ್ಲದು, ಫ್ರೋಜನ್ (ಸತ್ತ, ಹೆಪ್ಪುಗಟ್ಟಿಸಿದ) ಇಲಿ ತನ್ನಿ. ರಾತ್ರಿ ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ಟು, ಮರುದಿನ ಕವರಿನಲ್ಲಿ ಹಾಕಿ ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಉದ್ದ ಇಕ್ಕಳದಲ್ಲಿ ಹಿಡಿದು ಕೊಡಿ. ಮೈಕ್ರೋವೇವ್ ಬೇಡ.

ಊಟ ಆದ ಮೇಲೆ ಎರಡು ದಿನ ಮುಟ್ಟಬೇಡಿ. ಪೆಟ್ಟಿಗೆಯ ಬೆಚ್ಚನೆ ಬದಿ 31ರಿಂದ 32 ಡಿಗ್ರಿ ಇರಲಿ, ಚಳಿಗಾಲಕ್ಕೆ ಹೀಟ್ ಪ್ಯಾಡ್‌ಗೆ ಯುಪಿಎಸ್ ಹಾಕಿಸಿ. ಅಕಸ್ಮಾತ್ ಇಲಿ ಹೊರಗೆ ಹಾಕಿದರೆ ಗಾಬರಿಯಿಂದ ಮತ್ತೆ ತಿನ್ನಿಸಲು ಹೋಗಬೇಡಿ. ಎರಡು ವಾರ ಬರೀ ನೀರು, ಆಮೇಲೆ ಅರ್ಧ ಅಳತೆಯ ಇಲಿ. ಮತ್ತೆ ಹಾಗೇ ಆದರೆ ಪಶುವೈದ್ಯರ ಹತ್ತಿರ ಹೋಗಿ.

ಇನ್ನೊಂದು ಮಾತು. ಬಾಲ್ ಪೈಥಾನ್ ಸೈಟಿಸ್ (ಕಾಡುಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ನೋಡಿಕೊಳ್ಳಿ. ಈ ವಾರ ತೂಗಿದ ಮೇಲೆ ಗ್ರಾಂ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಇಲಿಯ ಅಳತೆ ಹೇಳುತ್ತೇನೆ.