ಪ್ಯಾಡ್ ಸವೆದರೆ ಡಿಸ್ಕೂ ಬದಲಿಸಬೇಕಾ?

ನೋಡ್ರಿ, ಕಾರಿನ ಬ್ರೇಕ್ ಹಿಡಿದಾಗ ಕೀಂಯ್ ಅನ್ನುತ್ತದೆ, ಹುಬ್ಬಳ್ಳಿ ಗ್ಯಾರೇಜಿನವರು ಮುಂದಿನ ಪ್ಯಾಡ್ (ಡಿಸ್ಕಿಗೆ ಒತ್ತಿ ಉಜ್ಜುವ ತುಂಡು) ಜೊತೆ ಡಿಸ್ಕೂ (ಚಕ್ರದ ಜೊತೆ ತಿರುಗುವ ತಟ್ಟೆ) ಬದಲಿಸಿ ಅಂದಿದ್ದಾರೆ ಅಂತ ಬರೆದಿದ್ದೀರಿ. ಸುಮ್ನೆ ಹೂಂ ಅನ್ನಬೇಡಿ. ಚಕ್ರ ಬಿಚ್ಚಿಸಿ, ಪಕ್ಕದಲ್ಲೇ ನಿಂತು ನೋಡಿ. ಕಬ್ಬಿಣದ ತಗಡು ಬಿಟ್ಟು ಪ್ಯಾಡಿನ ಉಜ್ಜುವ ಪದರ 3 ಮಿ.ಮೀ.ಗೆ ಬಂದಿದ್ದರೆ ಬದಲಿಸಲೇಬೇಕು, ಅದೂ ಮುಂದಿನ ಎರಡೂ ಚಕ್ರದ್ದು. ಒಳಗಡೆ ಪ್ಯಾಡನ್ನೂ ನೋಡಿ, ಎಷ್ಟೋ ಸಲ ಅದೇ ಮೊದಲು ಸವೆದಿರುತ್ತದೆ.

ಡಿಸ್ಕಿನ ಕಥೆ ಬೇರೆ. ಎಷ್ಟು ತೆಳುವಾಗುವವರೆಗೆ ಓಡಿಸಬಹುದು ಅಂತ ಸಾಮಾನ್ಯವಾಗಿ ಅದರ ಮೇಲೇ ಮಿನಿಮಮ್ ಅಳತೆ ಕೆತ್ತಿರುತ್ತಾರೆ, ತುಕ್ಕು ಒರೆಸಿದರೆ ಕಾಣುತ್ತದೆ. ಅಳೆಯೋಕೆ ಮೈಕ್ರೋಮೀಟರ್ (ಸಣ್ಣ ತುದಿಯ ಸ್ಕ್ರೂ ಅಳತೆ ಸಾಧನ) ಕೇಳಿ, ವರ್ನಿಯರ್ (ಉದ್ದ ದವಡೆಯ ಅಳತೆ ಪಟ್ಟಿ) ಇಟ್ಟರೆ ಸವೆಯದೆ ಉಳಿದ ಹೊರ ಅಂಚು ಸಿಕ್ಕಿ ದಪ್ಪ ಜಾಸ್ತಿ ತೋರಿಸುತ್ತದೆ. ಅಳತೆ ಸರಿ ಇದೆ, ಬಿರುಕಿಲ್ಲ, ಆಳವಾದ ಗೀರಿಲ್ಲ, ಪೆಡಲ್ ನಡುಗಲ್ಲ ಅಂದ್ರೆ ಡಿಸ್ಕ್ ಯಾಕೆ ಬದಲಿಸಬೇಕು? ಧಾರವಾಡದ ಮಳೆಗೆ ರಾತ್ರಿ ಹಿಡಿದ ತುಕ್ಕು ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ, ಅದನ್ನು ತೋರಿಸಿ ಹೆದರಿಸಿದರೆ ನಂಬಬೇಡಿ.

ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನಿಗೆ ಬ್ರೇಕ್ ಗ್ರೀಸನ್ನೇ ಹಾಕಿಸಿ. ಗಾಡಿ ತೆಗೆಯುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ, ಇಲ್ಲದಿದ್ದರೆ ಮೊದಲ ಬ್ರೇಕೇ ಹಿಡಿಯಲ್ಲ.